ಹನ್ನೊಂದು ದಿನ ಉರಿಯದ ಕೆಂಪು ದೀಪ

ನನ್ನ ಮುಂದಿನ ಎರಡು ಹಲ್ಲುಗಳು ನನ್ನವಲ್ಲ. ಮೇಲ್ದುಟಿಯ ಎಡಕ್ಕೆ ನಾಲ್ಕು ಹೊಲಿಗೆಯ ಗುರುತಿದೆ. ನಕ್ಕರೆ ತುಟಿಯ ಆ ಭಾಗ ಸ್ವಲ್ಪ ಬಿಗಿಯುತ್ತದೆ. ಇವೆರಡಕ್ಕೂ ಕಾರಣನಾದವನು ನಮ್ಮ ಕಚೇರಿಯ ಹಿರಿಯ ಗುಮಾಸ್ತ. ಎದುರಿಗೆ ಅವನನ್ನು ‘ಸರ್’ ಎಂದೇ ಕರೆಯುತ್ತಿದ್ದೆ, ಬಹುವಚನದಲ್ಲೇ ಮಾತಾಡುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಏಕವಚನ. ಇಲ್ಲಿ ಮನಸ್ಸಿನೊಳಗಿನದನ್ನೇ ಬರೆಯುತ್ತಿದ್ದೇನೆ.

ನಮ್ಮ ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ, ಕಚೇರಿ ಖಾನಾಪುರದಲ್ಲಿ. ದಿನಾ ಎರಡು ಬಸ್ಸು ಬದಲಿಸಿ ಹೋಗುವುದು ಸಾಕಾಗಿ, ಅವನ ಕಾರಿನಲ್ಲಿ ಹೋಗಿಬರಲು ಶುರು ಮಾಡಿದ್ದೆ. ನನ್ನನ್ನು ಚನ್ನಮ್ಮ ವೃತ್ತದಲ್ಲಿ ಹತ್ತಿಸಿಕೊಳ್ಳುತ್ತಿದ್ದ. ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ನಮ್ಮ ಟೈಪಿಸ್ಟ್ ಹುಡುಗಿ ಹತ್ತುತ್ತಿದ್ದಳು, ಮಚ್ಛೆಯಲ್ಲಿ ನಮ್ಮ ಕಚೇರಿಯ ಜವಾನ. ಜವಾನನಿಗೆ ನಿವೃತ್ತಿ ಹತ್ತಿರವಾಗಿತ್ತು, ಮಾತು ಕಡಿಮೆ. ಅವರಿಬ್ಬರೂ ಹಿಂದೆ, ನಾನು ಮುಂದೆ.

ಮುಂದಿನ ಸೀಟಿನಲ್ಲಿ ಕೂತ ಮೊದಲನೇ ದಿನವೇ ಬೆಲ್ಟು ಎಳೆದು ಸಿಗಿಸಲು ಹೋದರೆ ಜಾಗವಿರಲಿಲ್ಲ. ಬೆಲ್ಟಿನ ತುದಿ ಕೂರಬೇಕಾದ ಸಂದಿಯಲ್ಲಿ ಒಂದು ತಗಡಿನ ಚೂರನ್ನು ತುರುಕಿದ್ದ.

“ಸರ್, ಇಲ್ಲಿ ಏನೋ ಸಿಗಿಸೀರಲ್ರಿ. ಬೆಲ್ಟ್ ಹ್ಯಾಂಗ ಹಾಕೋಬೇಕು?” ಎಂದೆ.

“ಅದನ್ನ ಮುಟ್ಟಬ್ಯಾಡ್ರಿ ಮ್ಯಾಡಮ್. ತಗದ್ರ ಟುಂಯ್ ಟುಂಯ್ ಅಂತ ತಲಿ ತಿಂತೈತಿ. ನಾ ಇಪ್ಪತ್ತ ವರ್ಷದಿಂದ ಗಾಡಿ ಹೊಡ್ಯಾಕತ್ತೀನಿ. ನನ್ನ ಬಾಜು ಕುಂತಾವ್ರಿಗೆ ಏನೂ ಆಗೂದಿಲ್ಲ.”

ತನ್ನ ಬೆಲ್ಟನ್ನು ಮಾತ್ರ ಪೊಲೀಸರ ಭಯಕ್ಕೆ ಹಾಕಿಕೊಳ್ಳುತ್ತಿದ್ದ. ನಾನು ಸುಮ್ಮನೆ ಕೂತೆ. ಬೇರೆಯವರ ಕಾರಿನಲ್ಲಿ ಕೂತು ಅವರದೇ ತಪ್ಪು ತೆಗೆಯುವುದು ಹೇಗೆ ಎಂಬ ಸಂಕೋಚ. ಆ ಸಂಕೋಚವನ್ನು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಳೆಗಾಲದ ಒಂದು ಬೆಳಿಗ್ಗೆ. ದೇಸೂರು ದಾಟಿ ಸ್ವಲ್ಪ ಮುಂದೆ, ರಸ್ತೆ ಅಗಲ ಮಾಡುವವರು ಪಕ್ಕದಲ್ಲಿ ಖಡಿಯ, ಅಂದರೆ ಜಲ್ಲಿಕಲ್ಲಿನ, ಗುಡ್ಡೆ ಹಾಕಿದ್ದರು. ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಮುಂದಿದ್ದ ಬಸ್ಸು ನಿಧಾನವಾಯಿತು. ಇವನ ವೇಗ ಕಡಿಮೆಯಾಗಲಿಲ್ಲ. “ಸಾವಕಾಶ ರೀ ಸರ್,” ಎಂದೆ. ಅಷ್ಟೇ ನಾನು ಹೇಳಿದ್ದು. ನನ್ನ ಎರಡೂ ಕೈಗಳು ತೊಡೆಯ ಮೇಲಿದ್ದ ಡಬ್ಬಿಯ ಚೀಲವನ್ನು ಹಿಡಿದಿದ್ದವು. ಅವನು ಬ್ರೇಕ್ ತುಳಿದ, ಸ್ಟೇರಿಂಗ್ ತಿರುಗಿಸಿದ. ಸ್ಟೇರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ನೆಲದ ಸಂಬಂಧವೇ ಬಿಟ್ಟುಹೋದ ಹಾಗೆ ಸೀದಾ ಜಾರಿಕೊಂಡು ಹೋಗಿ ಖಡಿಯ ಗುಡ್ಡೆಗೆ ಬಡಿಯಿತು. ಆ ಕಾರಿನಲ್ಲಿ ಏರ್‌ಬ್ಯಾಗ್ ಇದ್ದದ್ದು ಓಡಿಸುವವರ ಕಡೆ ಮಾತ್ರ. ಅದು ಉಬ್ಬಿ ಅವನನ್ನು ಕಾಪಾಡಿತು. ನನ್ನ ಮುಖ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಿಂದಿದ್ದ ಇಬ್ಬರಿಗೂ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಮೂರನೇ ದಿನ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಕುಂದಾದ ಡಬ್ಬಿ. ತುಟಿಗೆ ಹೊಲಿಗೆ ಬಿದ್ದು, ಚಮಚದಲ್ಲಿ ಗಂಜಿ ಕುಡಿಯುತ್ತಿದ್ದವಳಿಗೆ ಕುಂದಾ. ಸೋಫಾದ ಮೇಲೆ ಕೂತು ನನ್ನ ಗಂಡನಿಗೆ ಹೇಳಿದ:

“ಗಾಡಿ ನನ್ನ ಕಂಟ್ರೋಲಿನ್ಯಾಗ ಇತ್ತು ನೋಡ್ರಿ. ಮ್ಯಾಡಮ್ ಹೌಹಾರಿ ನನ್ನ ಕೈ ಹಿಡದು ಜಗ್ಗಿಬಿಟ್ರು. ಅಲ್ಲಿಗೆ ಮುಗೀತು. ಹೋಗ್ಲಿ ಬಿಡ್ರಿ, ಹೆಣ್ಮಕ್ಕಳ ಅಂಜಿಕಿ. ನಾ ಏನ ಮನಸಿನ್ಯಾಗ ಇಟಗೊಂಡಿಲ್ಲ.”

ಬಾಯಿ ತೆರೆಯಲು ಆಗುತ್ತಿರಲಿಲ್ಲ. ಇಲ್ಲ, ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನನ್ನ ಗಂಡ ಅದನ್ನು ನಾಚಿಕೆ ಎಂದುಕೊಂಡ. “ಜೀವ ಉಳೀತಲ್ರಿ, ದೊಡ್ಡದು,” ಎಂದು ಅವನಿಗೇ ಸಮಾಧಾನ ಹೇಳಿ ಚಹಾ ಮಾಡಿ ಕೊಟ್ಟ. ಅವನು ಹೋದ ಮೇಲೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ: ‘ಸುಳ್ಳು. ನಾನು ಅವನ ಕೈ ಮುಟ್ಟಲೇ ಇಲ್ಲ.’

ಗಂಡ ಓದಿ ಹಾಳೆಯನ್ನು ಮಡಚಿದ. “ಅಂಥಾ ಹೊತ್ತಿನ್ಯಾಗ ಏನ ಮಾಡಿದ್ವಿ ಅನ್ನೂದು ಯಾರಿಗೂ ನೆನಪಿರಂಗಿಲ್ಲ. ಹಿಡದಿರಬಹುದ ನೋಡು. ಆಗ್ಲಿ ಬಿಡು.”

ಆ ಕುಂದಾವನ್ನು ಗಂಡನೇ ಎರಡು ದಿನ ತಿಂದ. ನನ್ನ ಗಂಡ ಕೆಟ್ಟವನಲ್ಲ. ಆದರೆ ಆ ಎರಡು ದಿನ ಅವನು ತಿನ್ನುವುದನ್ನು ನೋಡುತ್ತ ಕೂತವಳಿಗೆ ಹಾಗೆ ಅನಿಸಲಿಲ್ಲ.

ಕಚೇರಿಗೆ ಮರಳುವಷ್ಟರಲ್ಲಿ ಗುಮಾಸ್ತನ ಮಾತೇ ಎಲ್ಲರ ಮಾತಾಗಿತ್ತು. ನನಗೆ ‘ಸ್ಟೇರಿಂಗ್ ಮ್ಯಾಡಮ್’ ಎಂದು ಹೆಸರು ಬಿದ್ದಿತ್ತು. ಟೈಪಿಸ್ಟ್ ಹುಡುಗಿಯನ್ನು ಕೇಳಿದೆ. “ನಾ ಮೊಬೈಲ್ ನೋಡಾಕತ್ತಿದ್ದೆ ಅಕ್ಕಾರ, ಖರೇನ ಏನೂ ಕಾಣಲಿಲ್ಲ,” ಎಂದಳು. ಜವಾನನನ್ನು ಕೇಳಿದೆ. “ನಂಗ ಜೊಂಪ ಹತ್ತಿತ್ರಿ,” ಎಂದ. ಬರಬರುತ್ತ ನನಗೇ ಅನುಮಾನ ಶುರುವಾಯಿತು. ಕಣ್ಣು ಮುಚ್ಚಿದರೆ ನನ್ನ ಕೈ ಡಬ್ಬಿಯ ಚೀಲ ಬಿಟ್ಟು ಸ್ಟೇರಿಂಗಿನ ಕಡೆ ಹೋದ ಹಾಗೆ ಕಾಣುತ್ತಿತ್ತು. ಹಲ್ಲು ಕಳೆದದ್ದಕ್ಕಿಂತ ಹೆಚ್ಚು ದ್ವೇಷ ನನಗೆ ಅವನ ಮೇಲೆ ಹುಟ್ಟಿದ್ದು ಇದಕ್ಕೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲದ ಹಾಗೆ ಮಾಡಿದ.

ಆ ವರ್ಷವೇ ಡ್ರೈವಿಂಗ್ ಕಲಿತೆ. ಲೈಸನ್ಸು ಕೈಗೆ ಬಂದ ತಿಂಗಳೇ ಒಂದು ಹಳೆಯ ಬಿಳಿ ಕಾರು ಕೊಂಡೆ. ಯಾಕೆ ಎಂದು ಮನೆಯಲ್ಲಿ ಕೇಳಿದರೆ ಬಸ್ಸಿನ ತೊಂದರೆ ಎಂದೆ. ನಿಜ ಕಾರಣ ಬೇರೆ. ಅವನ ಎದುರಿಗೆ ಅದೇ ರಸ್ತೆಯಲ್ಲಿ ಓಡಿಸಬೇಕಿತ್ತು, ಅವನಿಗಿಂತ ಚೆನ್ನಾಗಿ.

ಕಾರು ತೋರಿಸಲು ಮಚ್ಛೆಯ ಒಂದು ಗ್ಯಾರೇಜಿಗೆ ಹೋದೆ. ಅದರ ಮಿಸ್ತ್ರಿ ಅರವತ್ತು ದಾಟಿದ ಮುಸಲ್ಮಾನ. ಒಬ್ಬನೇ ಕೆಲಸ ಮಾಡುತ್ತಿದ್ದ, ಮಾತಿಗೊಮ್ಮೆ ಕೈ ಒರೆಸಿಕೊಳ್ಳುತ್ತಿದ್ದ. “ನನಗ ಬರೇ ರಿಪೇರಿ ಬ್ಯಾಡ್ರಿ. ಏನೇನ ನೋಡಬೇಕು, ಎಲ್ಲಾ ಕಲಸ್ರಿ,” ಎಂದಾಗ ನನ್ನನ್ನು ಒಮ್ಮೆ ನೋಡಿದ, ಕಾರನ್ನು ಒಮ್ಮೆ ನೋಡಿದ. ಮೊದಲು ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂರಿಸಿದ.

“ಈ ಕಾಲುವಿ ಅದಾವಲ್ರಿ ಮ್ಯಾಡಮ್, ಮಳಿ ನೀರು ಇದ್ರಾಗ ಹಾದು ಹೊರಗ ಹೋಗತೈತಿ. ಕಾಲುವಿ ಸವದ ಹೋದ್ರ ನೀರ ಎಲ್ಲಿ ಹೋಗಬೇಕು? ಟಾಯರ್ ಕೆಳಗ ಉಳೀತೈತಿ. ಗಾಡಿ ನೀರ ಮ್ಯಾಲ ತೇಲತೈತಿ. ಆವಾಗ ಸ್ಟೇರಿಂಗ್ ತಿರವಿದ್ರೂ ಅಷ್ಟ, ಬ್ರೇಕ್ ಒತ್ತಿದ್ರೂ ಅಷ್ಟ. ಸೀದಾ ಹೋಗತೈತಿ.”

“ಆ ಹೊತ್ತಿನ್ಯಾಗ ಬಾಜು ಕುಂತಾವ್ರು ಕೈ ಹಿಡದು ಜಗ್ಗಿದ್ರ?” ಎಂದು ಕೇಳಿದೆ.

“ಜಗ್ಗಿದ್ರೂ ಅಷ್ಟ, ಬಿಟ್ರೂ ಅಷ್ಟರೀ. ಗಾಡಿ ಯಾರ ಮಾತೂ ಕೇಳೂದಿಲ್ಲ ಆವಾಗ.”

ಹಳೆಯ ಟೈರುಗಳ ರಾಶಿಯ ಪಕ್ಕದಲ್ಲಿ ನನಗೆ ಅಳು ಬಂತು. ಮಿಸ್ತ್ರಿ ಎದ್ದು ಹೋಗಿ ಕುಡಿಯಲು ನೀರು ತಂದುಕೊಟ್ಟ.

ಮರುದಿನ ಕಚೇರಿಯ ಕಾಂಪೌಂಡಿನಲ್ಲಿ ನಿಂತಿದ್ದ ಗುಮಾಸ್ತನ ಕಾರಿನ ಸುತ್ತ ನಡೆದೆ. ಮುಂದಿನ ಟೈರುಗಳು ಹೊಸವು, ಅಪಘಾತದ ನಂತರ ಹಾಕಿಸಿದವು. ಹಿಂದಿನ ಎರಡೂ ಬೋಳು. ಬೆರಳಾಡಿಸಿದರೆ ಸಿಮೆಂಟ್ ನೆಲದಷ್ಟು ನುಣುಪು. ಆ ದಿನ ಮುಂದೆ ಯಾವ ಥರದ ಟೈರುಗಳಿದ್ದವು ಎಂದು ಊಹಿಸುವುದು ಕಷ್ಟವಾಗಲಿಲ್ಲ. ಮಧ್ಯಾಹ್ನದ ಚಹಾದ ಹೊತ್ತಿಗೆ, ನಾಲ್ಕು ಜನರ ಮುಂದೆ, ಅವನಿಗೆ ಹೇಳಿದೆ.

“ಸರ್, ನಿಮ್ಮ ಹಿಂದಿನ ಟಾಯರ್ ಪೂರಾ ಸವದಾವ್ರಿ. ಬದಲಿ ಮಾಡಸ್ರಿ.”

ಅವನು ಕಪ್ಪನ್ನು ಬಾಯಿಂದ ಇಳಿಸಿ ನಕ್ಕ. “ಹೊಸಾ ಹಲ್ಲ ಬಂದ್ವಲ್ರಿ ಮ್ಯಾಡಮ್, ಈಗ ಕಚ್ಚಾಕ ಬಂದೀರೇನ?”

ಎಲ್ಲರೂ ನಕ್ಕರು. ಚಹಾ ತಂದವನೊಬ್ಬ ಮಾತ್ರ ನಗಲಿಲ್ಲ. ಅವನು ಕಚೇರಿಯ ಎದುರು ಚಹಾದ ಅಂಗಡಿ ಇಟ್ಟವನು, ಪಕ್ಕದ ಹಳ್ಳಿಯ ಮರಾಠಿ ಮನುಷ್ಯ. ದಿನಾ ಬೆಳಿಗ್ಗೆ ಸ್ಕೂಟರಿನ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಬರುತ್ತಿದ್ದ. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ತಲೆ ತಗ್ಗಿಸಿ ಹೊರಟುಹೋದ. ಇನ್ನು ಮೇಲೆ ಈ ಗುಮಾಸ್ತನಿಗೆ ಅವನ ಕಾರಿನ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ಮೊದಲು ಅವನ ಕಾರು ಖಾಲಿ ಮಾಡಬೇಕು. ಟೈಪಿಸ್ಟ್ ಹುಡುಗಿಗೆ, “ನನ್ನ ಕಾರಿನ್ಯಾಗ ಬಾ, ಹಿಂದಿನ ಸೀಟಿಗೂ ಬೆಲ್ಟ್ ಅದಾವ,” ಎಂದೆ. ಒಂದು ವಾರ ಹಿಂಜರಿದಳು, ಆಮೇಲೆ ಬಂದಳು. ಅವಳು ಬಂದ ಮೇಲೆ ಜವಾನನೂ ಬಂದ. ನನ್ನ ಕಾರಿನಲ್ಲಿ ಎಲ್ಲರ ಬೆಲ್ಟೂ ಸಿಕ್ಕಿದ ಸದ್ದು ಕೇಳುವವರೆಗೆ ಗೇರು ಹಾಕುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಗಾಳಿ ನೋಡುತ್ತಿದ್ದೆ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡುತ್ತಿದ್ದೆ. ಬ್ರೇಕ್ ಆಯಿಲ್ ಗೆರೆಗಿಂತ ಇಳಿದಿದೆಯೇ, ವೈಪರಿನ ರಬ್ಬರು ಒಣಗಿದೆಯೇ ನೋಡುತ್ತಿದ್ದೆ. ಕಾರನ್ನು ಗೋಡೆಯ ಹತ್ತಿರಕ್ಕೆ ಹಿಂದೆ ತಂದು ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಬ್ರೇಕ್ ದೀಪದ ಕೆಂಪು ಬೀಳುತ್ತದೆ. ಒಬ್ಬರೇ ಇದ್ದಾಗ ದೀಪ ನೋಡಲು ಮಿಸ್ತ್ರಿ ಹೇಳಿಕೊಟ್ಟ ಉಪಾಯ ಅದು. ಅಕ್ಕಪಕ್ಕದವರು ನನ್ನನ್ನು ಬಹಳ ಶಿಸ್ತಿನ ಹೆಂಗಸು ಎಂದುಕೊಂಡರು. ಶಿಸ್ತು ಏನಿಲ್ಲ. ಆಯಿಲ್ ಕಡ್ಡಿ ಒರೆಸುವಾಗಲೂ ನನ್ನ ಕಣ್ಣ ಮುಂದೆ ಅವನ ಮುಖವೇ ಇರುತ್ತಿತ್ತು.

ಅವನು ಒಬ್ಬನೇ ಓಡಾಡತೊಡಗಿದ. ಹೊರಡುವ ಹೊತ್ತು ಇಬ್ಬರದೂ ಒಂದೇ ಆದ್ದರಿಂದ ಎಷ್ಟೋ ದಿನ ಅವನು ಮುಂದೆ, ನಾನು ಹಿಂದೆ. ನನ್ನ ಕಾರಿನ ಮೂವರನ್ನು ಅವನು ಕನ್ನಡಿಯಲ್ಲಿ ನೋಡುತ್ತಿದ್ದಾನೆ ಎಂಬ ಸಂತೋಷಕ್ಕೇ ಕೆಲವು ಸಲ ದಾಟಿ ಹೋಗದೆ ಹಿಂದೆಯೇ ಇರುತ್ತಿದ್ದೆ.

ಮುಂದಿನ ಚಳಿಗಾಲ. ಒಂದು ಬೆಳಿಗ್ಗೆ ಪ್ರಭುನಗರದ ಹತ್ತಿರ ಮುಂದಿದ್ದ ಅವನ ಕಾರು ಒಮ್ಮೆಲೇ ದೊಡ್ಡದಾಗುತ್ತ ಬಂತು. ನಾನು ಬ್ರೇಕ್ ಒತ್ತಿದ ಮೇಲೆ ಹೊಳೆಯಿತು, ಅವನು ನಿಧಾನ ಮಾಡಿದ್ದಾನೆ, ಆದರೆ ಕೆಂಪು ದೀಪ ಬಂದಿಲ್ಲ. ಖಾನಾಪುರದವರೆಗೂ ನೋಡಿದೆ. ಎಡದ್ದೂ ಇಲ್ಲ, ಬಲದ್ದೂ ಇಲ್ಲ, ಗಾಜಿನ ಮೇಲಿನ ಮೂರನೆಯದೂ ಇಲ್ಲ. ಮೂರೂ ಒಟ್ಟಿಗೆ ಹೋದರೆ ಬಲ್ಬು ಹೋದದ್ದಲ್ಲ, ಬ್ರೇಕ್ ಪೆಡಲಿನ ಮೇಲಿರುವ ಸಣ್ಣ ಸ್ವಿಚ್ಚು ಕೆಟ್ಟಿರಬೇಕು ಎಂದು ಮಿಸ್ತ್ರಿ ಹೇಳಿದ್ದು ನೆನಪಾಯಿತು. ಅರ್ಧ ಗಂಟೆಯ ಕೆಲಸ. ಒಳಗೆ ಕೂತವನಿಗೆ ಇದು ಗೊತ್ತಾಗುವುದಿಲ್ಲ. ಹಿಂದಿರುವವರೇ ಹೇಳಬೇಕು. ಹಿಂದೆ ಇದ್ದವಳು ನಾನು.

ಹೇಳಲಿಲ್ಲ.

ಮೊದಲ ದಿನ, ಕಚ್ಚಾಕ ಬಂದೀರೇನ ಎಂಬ ಮಾತು ನೆನೆದು ಹೇಳಲಿಲ್ಲ. ಎರಡನೇ ದಿನ, ಪೊಲೀಸರು ಹಿಡಿಯಲಿ ಎಂದು ಹೇಳಲಿಲ್ಲ. ಆಮೇಲೆ ಅದೊಂದು ಚಟವಾಯಿತು. ಸ್ಟೇರಿಂಗ್ ಹಿಡಿದು, ಅವನ ಕಾರಿನ ಬೆನ್ನು ನೋಡುತ್ತ, ಏನೇನಾಗಬಹುದು ಎಂದು ಊಹಿಸುತ್ತಿದ್ದೆ. ಬಸ್ಸೊಂದು ಹಿಂದಿನಿಂದ ಮೆತ್ತಗೆ ಗುದ್ದುತ್ತದೆ. ಇವನಿಗೆ ಏನೂ ಆಗುವುದಿಲ್ಲ, ಕಾರಿನ ಡಿಕ್ಕಿ ಮುದ್ದೆಯಾಗುತ್ತದೆ. ಬಸ್ಸಿನ ಡ್ರೈವರ್ ಇಳಿದು ಬಂದು, ನಡು ರಸ್ತೆಯಲ್ಲಿ, ಎಲ್ಲರ ಮುಂದೆ ಇವನ ಕಾಲರ್ ಹಿಡಿಯುತ್ತಾನೆ. ನಾನು ಅಲ್ಲೇ ಕಾರು ನಿಲ್ಲಿಸಿ ಗಾಜು ಇಳಿಸಿ ನೋಡುತ್ತೇನೆ. ಇಷ್ಟೆಲ್ಲ ಊಹಿಸುವಾಗ ನಾನು ಮಾತ್ರ ಅವನಿಂದ ಎಂದಿಗಿಂತ ಎರಡು ಪಟ್ಟು ದೂರ ಬಿಟ್ಟು ಓಡಿಸುತ್ತಿದ್ದೆ. ನನ್ನ ಕಾರು, ನನ್ನ ಜನ ಸುರಕ್ಷಿತವಾಗಿರಲಿ ಎಂದು.

ಏಳನೆಯದೋ ಎಂಟನೆಯದೋ ದಿನ ಟೈಪಿಸ್ಟ್ ಹುಡುಗಿ ನನ್ನ ಬಾಜು ಕೂತಿದ್ದವಳು ಮುಂದೆ ಬೊಟ್ಟು ಮಾಡಿದಳು.

“ಅಕ್ಕಾರ, ಸರ್ ಕಾರಿನ ಬ್ರೇಕ್ ಲೈಟ್ ಹತ್ತಲೇ ಇಲ್ಲಲ್ರಿ?”

“ಹತ್ತತಾವ. ಬಿಸಲಿಗೆ ಕಾಣಸಂಗಿಲ್ಲ,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವಳು ನನ್ನನ್ನು ನಂಬುತ್ತಿದ್ದಳು, ಕಾರಿನ ವಿಷಯದಲ್ಲಂತೂ ಕಣ್ಣು ಮುಚ್ಚಿಕೊಂಡು. ಮತ್ತೆ ಮೊಬೈಲ್ ನೋಡತೊಡಗಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಯ ಗೇಟು ಇನ್ನೂ ನೂರು ಮಾರು ದೂರ. ಮುಂದೆ ಅವನ ಕಾರು, ಅದರ ಹಿಂದೆ ಚಹಾದವನ ಸ್ಕೂಟರು, ಕಾಲ ಹತ್ತಿರ ಹಾಲಿನ ಕ್ಯಾನು. ಅದರ ಹಿಂದೆ ನಾನು. ನಾಯಿಯೊಂದು ರಸ್ತೆಗೆ ಬಂತು. ಅವನು ಗಕ್ಕನೆ ಬ್ರೇಕ್ ಹಾಕಿದ. ದೀಪ ಬರಲಿಲ್ಲ. ಸ್ಕೂಟರು ನೇರ ಹೋಗಿ ಕಾರಿನ ಎಡಮೂಲೆಗೆ ಬಡಿಯಿತು. ಚಹಾದವನು ಕೈಯೂರಿ ಬಿದ್ದ. ಕ್ಯಾನಿನ ಮುಚ್ಚಳ ಹಾರಿ ಹಾಲೆಲ್ಲ ಡಾಂಬರಿನ ಮೇಲೆ ಹರಿದು ನನ್ನ ಕಾರಿನ ಗಾಲಿಯವರೆಗೆ ಬಂತು.

ಹನ್ನೊಂದು ದಿನ ಬಸ್ಸು, ಲಾರಿ, ಪೊಲೀಸ್ ಜೀಪು ಎಲ್ಲವನ್ನೂ ಊಹಿಸಿದ್ದೆ. ಸ್ಕೂಟರು ನನ್ನ ತಲೆಗೆ ಬಂದೇ ಇರಲಿಲ್ಲ.

ಇಳಿದು ಓಡಿದೆ. ಅವನೂ ಇಳಿದ. ಮೊದಲು ಹೋಗಿ ನೋಡಿದ್ದು ತನ್ನ ಬಂಪರನ್ನು. ಆಮೇಲೆ ನೆಲದ ಮೇಲೆ ಬಿದ್ದವನ ಕಡೆ ತಿರುಗಿದ. ಅದೇ ಹೊತ್ತಿಗೆ ಚಹಾದವನ ಅಂಗಿಯ ಕಿಸೆಯಲ್ಲಿ ಫೋನು ರಿಂಗಾಯಿತು.

“ನೋಡ್ರಿ, ನೋಡ್ರಿ! ಫೋನಿನ್ಯಾಗ ಮಾತಾಡಕೋತ ಬಂದು ನನ್ನ ಗಾಡಿಗೆ ಹೊಡದ!” ಎಂದು ಕೂಡಿದ ಜನರಿಗೆ ಕೂಗಿ ಹೇಳಿದ.

ಅದೇ ದನಿ. ನಮ್ಮ ಸೋಫಾದ ಮೇಲೆ ಕೂತು ಆಡಿದ ದನಿ.

ಚಹಾದವನನ್ನು ನನ್ನ ಕಾರಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ. ಬಲಗೈ ಮಣಿಕಟ್ಟು ಮುರಿದಿತ್ತು. ನನ್ನನ್ನು ಮೊದಲಿನಿಂದಲೂ ಮರಾಠಿ ರೀತಿಯಲ್ಲಿ ‘ಬಾಯಿ’, ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದವನು ದಾರಿಯುದ್ದಕ್ಕೂ ನೋವಿನಲ್ಲೂ ಒಂದೇ ಮಾತು ಹೇಳುತ್ತಿದ್ದ.

“ಬಾಯಿ, ನಂದ ತಪ್ಪ ಇರಬೇಕ್ರಿ. ನಾ ಮುಂದ ನೋಡಕೋತನ ಬಂದೆ. ಲಾಲ್ ಲೈಟ್ ಕಾಣಲೇ ಇಲ್ಲ ನೋಡ್ರಿ. ನನ್ನ ಕಣ್ಣ ಹೋದ್ವೇನ್ರಿ?”

ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ತನ್ನ ಕಣ್ಣನ್ನು ತಾನೇ ನಂಬದೆ ಕೂತವನ ಮುಖ. ಆಗಲೂ ದೀಪದ ವಿಷಯ ಹೇಳಲಿಲ್ಲ. “ಕಣ್ಣಿಗೆ ಏನೂ ಆಗಿಲ್ಲ, ಸುಮ್ನ ಕುಂದರ್ರಿ,” ಎಂದಷ್ಟೇ ಅಂದೆ.

ಎರಡು ದಿನ ಊಟ ಸೇರಲಿಲ್ಲ. ಹೇಳಿದರೆ ಗುಮಾಸ್ತ ಮುಳುಗುತ್ತಾನೆ. ಹೇಳಿದರೆ ನಾನೂ ಮುಳುಗುತ್ತೇನೆ. ಗಂಡನಿಗೆ ಎಲ್ಲ ಹೇಳಿಬಿಟ್ಟೆ. ಅವನು, “ಸುಮ್ನಿದ್ದುಬಿಡು. ನೀ ನೋಡಿದ್ದು ಯಾರಿಗೂ ಗೊತ್ತಿಲ್ಲ,” ಎಂದ. ಬಹುಶಃ ಆ ಮಾತೇ ನನ್ನನ್ನು ನೂಕಿತು. ಅವತ್ತು ದೇಸೂರಿನ ಹತ್ತಿರ ಕಾರಿನಲ್ಲಿ ಆದದ್ದೂ ಯಾರಿಗೂ ಗೊತ್ತಿರಲಿಲ್ಲವಲ್ಲ.

ಮೂರನೇ ದಿನ ಚಹಾದವನ ಹೆಂಡತಿ ಅವನನ್ನು ಕರೆದುಕೊಂಡು ಕಚೇರಿಗೆ ಬಂದಳು. ಅವನ ಕೈಗೆ ಪ್ಲಾಸ್ಟರ್. ನಮ್ಮ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ಪೊಲೀಸ್ ಠಾಣೆಯವರೆಗೆ ಹೋಗುವುದು ಬೇಡ, ಇಲ್ಲೇ ಮಾತಾಡಿ ಮುಗಿಸೋಣ ಎಂದು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದ್ದರು. ಹಿರಿಯ ಗುಮಾಸ್ತ ಫೋನಿನ ಕಥೆಯನ್ನು ಮತ್ತೆ ಹೇಳಿದ. ಕೊನೆಗೆ, “ಹೋಗ್ಲಿ ಬಿಡ್ರಿ, ಬಡವ. ನಾ ಏನ ಮನಸಿನ್ಯಾಗ ಇಟಗೊಂಡಿಲ್ಲ,” ಎಂದ.

ನನ್ನ ಮೈ ಉರಿದುಹೋಯಿತು. “ಸರ್, ನಿಮ್ಮ ಕಾರ ಆ ಗೋಡಿ ಹತ್ರ ಹಿಂದ ತಗೋರಿ,” ಎಂದೆ.

“ಯಾಕ?”

“ತಗೋರಿ ಅಂದ್ರ ತಗೋರಿ. ಬ್ರೇಕ್ ಒತ್ತರಿ. ಎಲ್ಲಾರೂ ನೋಡ್ಲಿ.”

ಸಾಹೇಬರು ತಲೆಯಾಡಿಸಿದರು. ಅವನು ಗೊಣಗುತ್ತ ಕಾರನ್ನು ಸುಣ್ಣ ಬಳಿದ ಕಾಂಪೌಂಡ್ ಗೋಡೆಯ ಹತ್ತಿರಕ್ಕೆ ತಂದ. ಬ್ರೇಕ್ ಒತ್ತಿದ. ಗೋಡೆ ಬೆಳ್ಳಗೇ ಇತ್ತು. “ಇನ್ನೊಮ್ಮೆ ಒತ್ತರಿ,” ಎಂದೆ. ಇನ್ನೊಮ್ಮೆ ಒತ್ತಿದ. ಇನ್ನೊಬ್ಬನಿಗೆ ಪೆಡಲ್ ಒತ್ತಲು ಹೇಳಿ ಇಳಿದು ಬಂದು ತಾನೇ ನೋಡಿದ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ಅವನ ಮುಖ ಇಳಿಯುವುದನ್ನು ಕಣ್ತುಂಬ ನೋಡಿದೆ. ಅಷ್ಟು ಸುಖ ನನಗೆ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

“ಇದು... ಸ್ಕೂಟರ್ ಬಡದಾಗ ಹೋಗಿರಬೇಕು,” ಎಂದ.

“ಸ್ಕೂಟರ್ ಬಡದದ್ದು ಎಡಕ್ಕ. ಬಲಕ್ಕಿಂದು, ಮ್ಯಾಲಿಂದು ಯಾಕ ಹೋದ್ವು? ಅವತ್ತಿನ ತನಾ ಹನ್ನೊಂದ ದಿನ ಒಂದೂ ಹತ್ತಿಲ್ಲ. ನಾ ದಿನಾ ನಿಮ್ಮ ಹಿಂದಿಂದ ನೋಡೀನಿ. ಇವರ ಕಣ್ಣ ಸರಿ ಅದಾವ. ಕಾಣಾಕ ಲೈಟ ಇರಲಿಲ್ಲ.”

ಆಮೇಲೆ ಚಹಾದವನ ಹೆಂಡತಿ ನನ್ನ ಹತ್ತಿರ ಬಂದಳು. ಜೋರು ಮಾಡಲಿಲ್ಲ. ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

“ಹನ್ನೊಂದ ದಿವಸ ನೋಡಿದ್ರಿ, ಮತ್ತ ಯಾಕ ಹೇಳಲಿಲ್ಲ ಬಾಯಿ?”

ಉತ್ತರಕ್ಕೆ ಮನೆಯಲ್ಲೇ ಒಂದೆರಡು ನೆಪ ತಯಾರು ಮಾಡಿಕೊಂಡು ಬಂದಿದ್ದೆ. ಮರೆತೆ, ಅವಕಾಶ ಸಿಗಲಿಲ್ಲ, ಹೀಗೆ. ಅವಳ ಮುಖ ನೋಡಿ ಅವು ಯಾವುವೂ ಬರಲಿಲ್ಲ.

“ಹೇಳಬಾರದಂತ ಹೇಳಲಿಲ್ಲ. ಇವರ ಮ್ಯಾಲಿನ ಸಿಟ್ಟಿಗೆ,” ಎಂದೆ.

“ಕೇಳಿದ್ರಿ? ಎಲ್ಲಾರೂ ಕೇಳಿದ್ರಿ?” ಎಂದು ಅವನು ಕೂಗಾಡತೊಡಗಿದ. “ಗೊತ್ತಿದ್ದು ಸುಮ್ನಿದ್ದಾರ! ನನಗಿಂತ ಇವರ್ದು ದೊಡ್ಡ ತಪ್ಪು!”

“ನಂದೂ ತಪ್ಪ ಐತಿ. ನಾ ಒಪ್ಪಿದೆ, ನೀವು ಒಪ್ಪರಿ,” ಎಂದೆ. “ಅವತ್ತ ನಾ ನಿಮ್ಮ ಕೈ ಹಿಡೀಲಿಲ್ಲ. ಟಾಯರ್ ಬೋಳ ಆಗಿತ್ತು. ಅದನ್ನೂ ಇಲ್ಲೇ ಹೇಳ್ರಿ.”

ಅವನು ಹೇಳಲಿಲ್ಲ. ಸಾಹೇಬರು ಅವನನ್ನು ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯ ನಂತರ ಹೊರಗೆ ಬಂದು, ಚಹಾದವನ ಚಿಕಿತ್ಸೆಯನ್ನೆಲ್ಲ ತಾನು ನೋಡಿಕೊಳ್ಳುವುದಾಗಿ ಒಪ್ಪಿದ. ಫೋನಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ನನ್ನ ಕೈಯ ಮಾತನ್ನು ತೆಗೆದುಕೊಳ್ಳಲಿಲ್ಲ.

ಅವತ್ತು ಸಂಜೆ ಟೈಪಿಸ್ಟ್ ಹುಡುಗಿ ನನ್ನ ಕಾರಿಗೆ ಬರಲಿಲ್ಲ. “ನಾ ಕೇಳಿದಾಗ ಬಿಸಲಿಗೆ ಕಾಣಸಂಗಿಲ್ಲ ಅಂದ್ರಲ್ಲ ಅಕ್ಕಾರ,” ಎಂದಳು, ಅಷ್ಟೇ. ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದಳು. ಅವಳನ್ನು ಕರೆಯುವ ಧೈರ್ಯ ನನಗಾಗಲಿಲ್ಲ.

ಜವಾನನೊಬ್ಬನೇ ಬಂದ. ಅವತ್ತು ಹಿಂದೆ ಕೂರದೆ ಮುಂದೆ ಕೂತ. ಬೆಲ್ಟು ಹಾಕಿಕೊಂಡ. ಇದಲಹೊಂಡ ದಾಟಿದೆವು. ಆಮೇಲೆ ಅವನು ರಸ್ತೆಯನ್ನೇ ನೋಡುತ್ತ ಹೇಳಿದ:

“ಅಕ್ಕಾರ, ಅವತ್ತ ನಂಗ ಜೊಂಪ ಹತ್ತಿರಲಿಲ್ರಿ. ನೀವು ಡಬ್ಬಿ ಚೀಲ ಹಿಡಕೊಂಡ ಕುಂತಿದ್ರಿ. ಸರ್ ಕೈ ನೀವು ಮುಟ್ಟಲಿಲ್ಲ.”

ಕಾರನ್ನು ಬದಿಗೆ ತಂದು ನಿಲ್ಲಿಸಿದೆ.

“ಇಷ್ಟ ದಿನ ಯಾಕ ಹೇಳಲಿಲ್ಲ?”

“ನನ್ನ ರಜಾ, ಪೆನ್ಶನ್ ಕಾಗದ ಎಲ್ಲಾ ಅವರ ಟೇಬಲ್ ಮ್ಯಾಲ ಹೋಗತಾವ್ರಿ. ಅಂಜಿದೆ.”

“ಇವತ್ತ ಅಂಗಳದಾಗರ ಹೇಳಬೇಕಿತ್ತಲ್ಲ?”

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ತಿಂಗಳುಗಟ್ಟಲೆ ನನ್ನ ಕಾರಿನಲ್ಲಿ ಕೂತು ಬಂದ ಮನುಷ್ಯ. ಇಳಿ ಎಂದು ಹೇಳುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ, ಅಷ್ಟು ಹೊತ್ತಿಗೆ ನನಗೆ ಆ ಹಕ್ಕು ಉಳಿದಿರಲಿಲ್ಲ. ಅವನನ್ನು ಮಚ್ಛೆಯಲ್ಲಿ ಇಳಿಸಿದೆ. ನಿವೃತ್ತಿಯಾಗುವವರೆಗೂ ಅವನನ್ನು ಕರೆದೊಯ್ದೆ. ಆದರೆ ಅವನ ಮೇಲಿನ ಸಿಟ್ಟೂ ಹೋಗಲಿಲ್ಲ.

ಹಿರಿಯ ಗುಮಾಸ್ತ ಮರು ವಾರ ಕಾರನ್ನು ಗ್ಯಾರೇಜಿಗೆ ಬಿಟ್ಟ. ಸ್ವಿಚ್ಚು ಹಾಕಿಸಿದ, ಹಿಂದಿನ ಎರಡು ಟೈರುಗಳನ್ನೂ ಬದಲಿಸಿದ. ಬೆಲ್ಟಿನ ಸಂದಿಯಲ್ಲಿದ್ದ ತಗಡನ್ನು ತೆಗೆದಿದ್ದಾನೋ ಇಲ್ಲವೋ ಗೊತ್ತಿಲ್ಲ, ಅವನ ಬಾಜು ಕೂರುವವರು ಯಾರೂ ಇಲ್ಲ. ಈಗ ಹೆಚ್ಚಿನ ದಿನ ರೈಲಿನಲ್ಲೇ ಬರುತ್ತಾನೆ. ಕಾರಿಡಾರಿನಲ್ಲಿ ನಾನು ಎದುರಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾನೆ. ‘ಸ್ಟೇರಿಂಗ್ ಮ್ಯಾಡಮ್’ ಎನ್ನುವ ಹೆಸರು ಹೋಯಿತು. ನನ್ನ ಬೆನ್ನ ಹಿಂದೆ ಬೇರೆ ಏನೋ ಅನ್ನುತ್ತಾರೆ. ಕೇಳಿ ತಿಳಿದುಕೊಳ್ಳುವ ಆಸೆ ನನಗಿಲ್ಲ.

ಚಹಾದವನ ಕೈ ಕೂಡಿದೆ, ಆದರೆ ಪೂರ್ತಿ ಹೊರಳುವುದಿಲ್ಲ. ಕಿಟ್ಲಿಯನ್ನು ಎಡಗೈಯಲ್ಲಿ ಬಗ್ಗಿಸಿ ಚಹಾ ಸೋಸುತ್ತಾನೆ. ಮೊದಲಿನಂತೆಯೇ ನನಗೆ ಸಕ್ಕರೆ ಕಡಿಮೆ ಹಾಕಿ ಕೊಡುತ್ತಾನೆ, ಆದರೆ ಬಾಯಿ ಎನ್ನುವುದಿಲ್ಲ, ಮ್ಯಾಡಮ್ ಎನ್ನುತ್ತಾನೆ. ಅವನ ಹೆಂಡತಿ ಅಂಗಡಿಯಲ್ಲಿದ್ದ ದಿನ ನಾನು ಆ ಕಡೆ ಹೋಗುವುದಿಲ್ಲ. ಅವನ ಹತ್ತಿರ ಕ್ಷಮೆ ಕೇಳಿದ್ದೇನೆ. “ಜಾಊ ದ್ಯಾ,” ಹೋಗಲಿ ಬಿಡಿ, ಎಂದ. ಹೋಗಿಲ್ಲ ಎಂದು ಇಬ್ಬರಿಗೂ ಗೊತ್ತು.

ಹಿರಿಯ ಗುಮಾಸ್ತನನ್ನು ನಾನು ಕ್ಷಮಿಸಿಲ್ಲ. ಆ ಒಂದು ವಾಕ್ಯ, ಮ್ಯಾಡಮ್ ಕೈ ಹಿಡೀಲಿಲ್ಲ ಎಂಬ ವಾಕ್ಯ, ಅವನ ಬಾಯಿಂದ ಇನ್ನೂ ಬಂದಿಲ್ಲ. ಅವನ ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ನನಗೆ ಆರು.